ಎಣ್ಣೆಬಟ್ಟೆ ಕಟ್ಟಿದವನ ಅರಿಕೆ

ನಿಂತ ಗಾಡಿಯ ಎಂಜಿನ್ನು ಹೇಗೆ ಉಸಿರಾಡುತ್ತಿದೆ ಎಂದು ಕೇಳಿಸಿಕೊಳ್ಳುವುದು ನನ್ನ ಉದ್ಯೋಗವಾಗಿತ್ತು. ಬಳ್ಳಾರಿಯ ಕೌಲ್ ಬಜಾರಿನ ಒಂದೇ ಗ್ಯಾರೇಜಿನಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಇದನ್ನೇ ಮಾಡಿದೆ. ಓಡುವ ಗಾಡಿಯ ವಿಷಯದಲ್ಲಿ ಅಭಿಪ್ರಾಯ ಕೊಡುವವರು ಊರು ತುಂಬ ಇದ್ದಾರೆ. ನಿಂತ ಗಾಡಿ ನಡುಗತೊಡಗಿದಾಗ ಅವರೆಲ್ಲ ಚಹಾ ಕುಡಿಯಲು ಹೋಗುತ್ತಾರೆ, ಮೆಕ್ಯಾನಿಕ್ ಒಬ್ಬನೇ ಉಳಿಯುತ್ತಾನೆ. ಈಗ ಈ ಕೆಲಸಕ್ಕೆ ಸೇರುವವರು ಲ್ಯಾಪ್‌ಟಾಪು ಹಿಡಿದು ಬರುತ್ತಾರೆ, ಕೈ ಕಪ್ಪಾಗದೆ ಮನೆಗೆ ಹೋಗುತ್ತಾರೆ. ಅವರ ಮೇಲೆ ನನಗೆ ಹೊಟ್ಟೆಕಿಚ್ಚಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೂ ಅವರಿಗೆ ಉಪಯೋಗವಾದೀತು ಎಂದು ನನ್ನ ತಪ್ಪುಗಳನ್ನು ಬರೆದಿಡುತ್ತಿದ್ದೇನೆ. ಸರಿಯಾಗಿ ಮಾಡಿದ ಕೆಲಸಗಳನ್ನೂ ಬರೆಯಬಹುದಿತ್ತು. ಅವೆಲ್ಲ ಒಂದರಂತೆ ಒಂದಿವೆ, ತಪ್ಪುಗಳಲ್ಲಿ ವೈವಿಧ್ಯವಿದೆ.

ನನಗೆ ಕೆಲಸ ಕಲಿಸಿದ ಉಸ್ತಾದ್ ದೊಡ್ಡ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಅದರ ಹಿಡಿಯನ್ನು ಕಿವಿಗೆ ಆನಿಸಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ನೋಡುವವರಿಗೆ ನಮಾಜೋ ನಿದ್ದೆಯೋ ತಿಳಿಯುತ್ತಿರಲಿಲ್ಲ. ಆಮೇಲೆ ಗಾಳಿ, ಪೆಟ್ರೋಲು ಬೆರೆಸುವ ಕಾರ್ಬೊರೇಟರಿನ ಒಂದು ಸ್ಕ್ರೂವನ್ನು ಕಾಲು ಸುತ್ತು ತಿರುಗಿಸುತ್ತಿದ್ದರು. ಎಂಜಿನ್ನು ತೂಕಡಿಸುವ ಎಮ್ಮೆಯಂತೆ ನೆಮ್ಮದಿಯಾಗಿ ಗುರುಗುಡುತ್ತಿತ್ತು. ನಿಂತ ಎಂಜಿನ್ನನ್ನು ಹದದಲ್ಲಿಡುವ ಇಡೀ ಐಡ್ಲಿಂಗ್ ವಿದ್ಯೆ ಆ ಕಾಲು ಸುತ್ತಿನಲ್ಲಿತ್ತು. ನಾನೂ ಅದನ್ನು ಕಲಿತೆ, ಕಲಿತದ್ದು ಸಾಕು ಎಂದೂ ತಿಳಿದೆ. ಎರಡನೆಯದು ಮೊದಲ ತಪ್ಪು.

ಅಷ್ಟರಲ್ಲಿ ಅದಿರಿನ ಕಾಲ ಬಂತು. ಸಂಡೂರಿನ ಗುಡ್ಡಗಳು ಲಾರಿ ಹತ್ತಿ ಬಂದರಿನ ಕಡೆ ಹೊರಟವು. ಹೋಗುವಾಗ ಅರ್ಧ ಗುಡ್ಡವನ್ನು ನಮ್ಮ ಮೇಲೆ ಕೊಡವಿ ಹೋದವು. ಬಳ್ಳಾರಿಯಲ್ಲಿ ಬಿಳಿ ಅಂಗಿ ಒಗೆಯುವುದನ್ನು ಜನ ಬಿಟ್ಟರು, ಬಿಳಿ ಕಾರು ಕೊಳ್ಳುವುದನ್ನು ಶುರುಮಾಡಿದರು. ನಿನ್ನೆವರೆಗೆ ಟಿವಿಎಸ್ ಗಾಡಿಯ ಮೇಲೆ ಮೂವರು ಬರುತ್ತಿದ್ದ ಮನೆಯ ಮುಂದೆ ಮೂರು ಕಾರು ನಿಂತವು. ಆ ಕಾರುಗಳಲ್ಲಿ ಕಾರ್ಬೊರೇಟರೇ ಇರಲಿಲ್ಲ. ಬಾನೆಟ್ ಎತ್ತಿ ನನ್ನ ಸ್ಕ್ರೂ ಎಲ್ಲಿದೆ ಎಂದು ಹುಡುಕಿದೆ. ಅದರ ಜಾಗದಲ್ಲಿ ಒಂದು ಕಂಪ್ಯೂಟರು ಕೂತಿತ್ತು.

ಆ ಕಂಪ್ಯೂಟರಿಗೆ ಸುದ್ದಿ ಮುಟ್ಟಿಸುವ ಸೆನ್ಸರುಗಳಲ್ಲಿ ಗಾಳಿ ಅಳೆಯುವುದು ಒಂದು. ಏರ್ ಫಿಲ್ಟರಿನ ಡಬ್ಬಿಗೂ ಎಂಜಿನ್ನಿಗೂ ನಡುವಿನ ಕೊಳವೆಯಲ್ಲಿ ಕೂದಲೆಳೆಯಂಥ ಒಂದು ತಂತಿ. ಕರೆಂಟು ಅದನ್ನು ಬಿಸಿಯಾಗಿಟ್ಟಿರುತ್ತದೆ. ಗಾಳಿ ಹಾದುಹೋದಷ್ಟೂ ಅದು ತಣಿಯುತ್ತದೆ. ಎಷ್ಟು ತಣಿಯಿತು ಎಂಬುದರ ಮೇಲೆ ಎಷ್ಟು ಗಾಳಿ ಒಳಗೆ ಹೋಯಿತು ಎಂದು ಕಂಪ್ಯೂಟರು ತಿಳಿದು, ಅದಕ್ಕೆ ತಕ್ಕಷ್ಟು ಪೆಟ್ರೋಲು ಬಿಡುತ್ತದೆ. ಬಿಸಿ ಚಹಾವನ್ನು ಊದಿ ಕುಡಿಯುವ ಯಾರಿಗಾದರೂ ಅರ್ಥವಾಗುವ ವಿಷಯ. ನನಗೆ ಅರ್ಥವಾಗಲು ಒಂದು ಸೆನ್ಸರು ಬಲಿಯಾಗಬೇಕಾಯಿತು. ಮೊದಲ ಸಲ ಅದನ್ನು ಬಿಚ್ಚಿದಾಗ ತಂತಿಯ ಮೇಲೆ ಧೂಳು ಕಂಡಿತು. ಧೂಳು ಕಂಡರೆ ಒರೆಸುವುದು ನನ್ನ ಜಾತಿಧರ್ಮ. ಹಲ್ಲುಜ್ಜುವ ಬ್ರಷ್ಷು ತಂದು ಎರಡು ಸಲ ಉಜ್ಜಿದೆ. ಮೂರನೇ ಸಲ ಉಜ್ಜಲು ತಂತಿ ಇರಲಿಲ್ಲ.

ಗ್ಯಾರೇಜಿನ ಮಾಲೀಕರು ಗಾದಿಲಿಂಗಪ್ಪ. ರಿಪೇರಿ ಒಂದನ್ನು ಬಿಟ್ಟು ಗ್ಯಾರೇಜಿಗೆ ಸಂಬಂಧಪಟ್ಟ ಎಲ್ಲವನ್ನೂ ಬಲ್ಲವರು. ತುಂಡಾದ ತಂತಿಯನ್ನು ಅವರಿಗೆ ತೋರಿಸಲು ಹೋದರೆ ತಂತಿ ಕಾಣಲಿಲ್ಲ, ಕನ್ನಡಕ ತರಿಸಿದರು, ಆಗಲೂ ಕಾಣಲಿಲ್ಲ.

"ಕಾಣದ ಸಾಮಾನು ಮುರಿದೈತಿ ಅಂತ ಗಿರಾಕಿಗೆ ಹೆಂಗ ನಂಬಸ್ಲಿ ಸಾಬ್ರೆ? ಇನ್ಮ್ಯಾಲೆ ಮುರಿಯೋದಿದ್ರ ಸ್ವಲ್ಪ ದೊಡ್ಡದು ಮುರೀರಿ."

ಅಂದಿನಿಂದ ಆ ತಂತಿಗೆ ನಾನು ಬೆರಳು ತಾಗಿಸಿದವನಲ್ಲ. ನೀವೂ ತಾಗಿಸಬೇಡಿ. ಅದಕ್ಕೆಂದೇ ಸ್ಪ್ರೇ ಸಿಗುತ್ತದೆ, ದೂರದಿಂದ ಹೊಡೆದು ತಾನಾಗಿ ಆರುವವರೆಗೆ ಕೈ ಕಟ್ಟಿ ನಿಲ್ಲಬೇಕು. ಕೈ ಕಟ್ಟಿ ನಿಲ್ಲುವುದು ಈ ಉದ್ಯೋಗದಲ್ಲಿ ಬಹಳ ಕಷ್ಟದ ಕೆಲಸ.

ಐಡ್ಲಿಂಗ್ ಕೆಟ್ಟರೆ ಯಾವಾಗಲೂ ಸೆನ್ಸರೇ ಕಾರಣ ಎಂದಲ್ಲ. ಅಳತೆಯ ತಂತಿಯನ್ನು ದಾಟಿದ ಮೇಲೆ ರಬ್ಬರ್ ಕೊಳವೆ ಎಲ್ಲಾದರೂ ಬಿರುಕು ಬಿಟ್ಟಿದ್ದರೆ, ಅಳತೆಗೆ ಸಿಗದ ಗಾಳಿ ಕಳ್ಳದಾರಿಯಲ್ಲಿ ಒಳನುಗ್ಗುತ್ತದೆ. ಆಗ ಎಂಜಿನ್ನು ಸುಮ್ಮಸುಮ್ಮನೆ ರೇಸ್ ಆಗುತ್ತದೆ. ಬಿರುಕು ಕಣ್ಣಿಗೆ ಕಾಣುವುದಿಲ್ಲ. ನಾನು ಊದುಬತ್ತಿ ಹಚ್ಚಿ ಕೊಳವೆಯ ಸುತ್ತ ನಿಧಾನವಾಗಿ ತಿರುಗಿಸುತ್ತಿದ್ದೆ. ಬಿರುಕಿದ್ದಲ್ಲಿ ಕೊಳವೆ ಹೊಗೆಯನ್ನು ಸರ್ರನೆ ಒಳಗೆ ಎಳೆದುಕೊಳ್ಳುತ್ತದೆ. ಒಮ್ಮೆ ಸತ್ಯನಾರಾಯಣಪೇಟೆಯ ವಕೀಲರೊಬ್ಬರ ಕಾರಿಗೆ ಹೀಗೆ ಮಾಡುತ್ತಿದ್ದೆ. ವಕೀಲರು ಬಂದು ನೋಡಿದರು, ಚಪ್ಪಲಿ ಬಿಚ್ಚಿ ಪಕ್ಕಕ್ಕಿಟ್ಟರು, ಕೈ ಮುಗಿದು ನಿಂತರು. ನಾನು ಎಡಗಡೆಯಿಂದ ಮೂರು ಸುತ್ತು ಮುಗಿಸಿ ಬಿರುಕು ಹಿಡಿದೆ. ಕೊಳವೆ ಬದಲಿಸಿ ಗಾಡಿ ಸರಿಹೋದ ಮೇಲೆ, "ಸಾಬ್ರಾದ್ರೂ ನಮ್ಮ ಪದ್ಧತಿ ಚೊಲೋ ತಿಳ್ಕಂಡೀರಿ," ಎಂದು ಬೆನ್ನು ತಟ್ಟಿ ಹೋದರು. ಪೆಟ್ರೋಲಿನ ಹತ್ತಿರ ಬೆಂಕಿ ಹಿಡಿಯುವುದು ಅಪಾಯ. ಈಗ ನೀವು ಸೋಪಿನ ನೀರು ಹೊಡೆದು ನೋಡಿ. ಭಕ್ತಿ ಕಡಿಮೆ, ಮೈ ಸುಡುವುದೂ ಕಡಿಮೆ.

ಇನ್ನು ಮುಖ್ಯ ಅಪರಾಧಕ್ಕೆ ಬರುತ್ತೇನೆ.

ಹಳೆಯ ಜೀಪುಗಳಲ್ಲಿ ಏರ್ ಫಿಲ್ಟರಿನ ಬುಡದಲ್ಲಿ ಎಣ್ಣೆ ತುಂಬಿಡುತ್ತಿದ್ದರು. ಧೂಳು ಎಣ್ಣೆಗೆ ಅಂಟಿ ಉಳಿಯುತ್ತಿತ್ತು, ಗಾಳಿ ಒಂದೇ ಮುಂದೆ ಹೋಗುತ್ತಿತ್ತು. ಅದಿರಿನ ಕೆಂಪು ಧೂಳು ಹೊಸ ಕಾರುಗಳ ಕಾಗದದ ಫಿಲ್ಟರನ್ನು ವಾರದಲ್ಲಿ ಇಟ್ಟಿಗೆ ಮಾಡುವುದನ್ನು ಕಂಡಾಗ ನನಗೆ ಜೀಪು ನೆನಪಾಯಿತು. ಹಳೆ ಪಂಚೆಯ ತುಂಡೊಂದನ್ನು ಎಂಜಿನ್ ಆಯಿಲಿನಲ್ಲಿ ಅದ್ದಿ, ಹಿಂಡಿ, ಫಿಲ್ಟರಿಗೆ ಲಂಗೋಟಿಯಂತೆ ಬಿಗಿದು ಕಟ್ಟಿದೆ. ವಾರಕ್ಕೊಮ್ಮೆ ಬಟ್ಟೆ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು, ಒಂದು ದಿನ ನೆರಳಲ್ಲಿ ಒಣಗಿಸಿ, ಮತ್ತೆ ಆಯಿಲಿನಲ್ಲಿ ಅದ್ದಿ ಕಟ್ಟಬೇಕು. ಫಿಲ್ಟರು ಹೊಸದರಂತೆ ಉಳಿಯಿತು. ಸುದ್ದಿ ಹಬ್ಬಿತು. ಅದಿರಿನ ಧಣಿಗಳ ಡ್ರೈವರುಗಳೆಲ್ಲ ಬಂದು ಎಣ್ಣೆಬಟ್ಟೆ ಕಟ್ಟಿಸಿಕೊಂಡರು. ಗಾದಿಲಿಂಗಪ್ಪನವರು 'ಇಲ್ಲಿ ಎಣ್ಣೆಬಟ್ಟೆ ಕಟ್ಟಲಾಗುತ್ತದೆ' ಎಂದು ಬೋರ್ಡೇ ಬರೆಸಿ ಹಾಕಿದರು. ಕೌಲ್ ಬಜಾರಿನಲ್ಲಿ ಅಷ್ಟು ಹೊತ್ತಿಗೆ ಹಳೆ ಪಂಚೆ ಸಿಗುವುದು ಕಷ್ಟವಾಯಿತು. ನನಗೆ ಒಂದು ಪದವಿ ಸಿಕ್ಕಂತಾಗಿ, ಬೆಳಿಗ್ಗೆ ಗ್ಯಾರೇಜಿಗೆ ಬರುವ ನಡಿಗೆಯೇ ಬದಲಾಯಿತು ಎಂದು ಮನೆಯಾಕೆ ಹೇಳುತ್ತಿದ್ದಳು.

ಹುಲುಗಪ್ಪ ಕುರುಗೋಡಿನವನು. ವಿರುಪನಗೌಡ ಎಂಬ ಅದಿರು ಸಾಗಿಸುವ ಧಣಿಯ ಕಾರು ಓಡಿಸುತ್ತಿದ್ದ. ಡೀಸೆಲ್ ಗಾಡಿ ಲಾರಿಯವರಿಗೆ ಇರಲಿ ಎಂದು ಗೌಡರು ದೊಡ್ಡ ಪೆಟ್ರೋಲ್ ಕಾರು ತರಿಸಿದ್ದರು. ಹುಲುಗಪ್ಪನಷ್ಟು ಹೇಳಿದ ಮಾತು ಕೇಳುವ ಡ್ರೈವರನ್ನು ನಾನು ಕಂಡಿಲ್ಲ. ಎಣ್ಣೆಬಟ್ಟೆ ತೊಳೆಯಲೆಂದೇ ಡಿಕ್ಕಿಯಲ್ಲಿ ಒಂದು ಡಬ್ಬಿ ಸೀಮೆಎಣ್ಣೆ ಇಟ್ಟುಕೊಂಡಿದ್ದ. ಗೌಡರು ಅವನಿಗೆ ಬಟ್ಟೆ ಒಣಗಿಸಲು ಒಂದು ದಿನ ಬಿಡುವು ಕೊಡುತ್ತಿರಲಿಲ್ಲ. ತೊಳೆದವನು ಹಸಿಯಾಗಿಯೇ ಆಯಿಲು ಸವರಿ ಕಟ್ಟುತ್ತಿದ್ದ.

ಒಂದು ದಿನ ಹುಲುಗಪ್ಪ ಓಡಿಸಿಕೊಂಡು ಬಂದ ಕಾರಿನಲ್ಲಿ ಗೌಡರು ತಾವೇ ಬಂದರು. ಗ್ಯಾರೇಜಿನ ಮುಂದೆ ಗಾದಿಲಿಂಗಪ್ಪನವರೂ ನಾಲ್ಕಾರು ಡ್ರೈವರುಗಳೂ ಚಹಾ ಕುಡಿಯುತ್ತ ನಿಂತಿದ್ದರು.

"ಏನ್ ಗಾಡಿ ಮಾರಾಯ ಇದು? ನಿಂತ್ರ ಸಾಕು, ಬಿಕ್ಕಳಸ್ತೈತಿ. ನಿನ್ನೆ ಸಿರುಗುಪ್ಪ ಸರ್ಕಲ್‌ನಾಗ ಮೂರು ಸಲ ಬಂದ್ ಬಿತ್ತು. ಹಿಂದಿದ್ದ ಎತ್ತಿನ ಗಾಡಿಯಾವ, ಹಾರ್ನ್ ಇಲ್ಲ ನೋಡು ಅವಂಗ, ಬಾಯಿಲೇ ಬೈದ."

ಎಂಜಿನ್ನು ಚಾಲೂ ಇತ್ತು. ಏರುತ್ತಿತ್ತು, ಇಳಿಯುತ್ತಿತ್ತು, ಸಾಯುವಂತಾಗಿ ಮತ್ತೆ ಏಳುತ್ತಿತ್ತು. ನಾನು ಸುತ್ತಲೂ ನೋಡಿ, ಸಭೆ ಕೂಡಿದೆ ಎಂದು ಖಾತ್ರಿ ಮಾಡಿಕೊಂಡು, ಗಾಡಿ ಬಂದ್ ಮಾಡಿಸಿ ಏರ್ ಫಿಲ್ಟರಿನ ಡಬ್ಬಿ ತೆರೆದೆ. ಸೀಮೆಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಒಳಗೆ ನನ್ನ ಎಣ್ಣೆಬಟ್ಟೆ ಅಚ್ಚುಕಟ್ಟಾಗಿ ಕೂತಿತ್ತು. ಹುಲುಗಪ್ಪನ ಗಂಟನ್ನು ಮನಸ್ಸಿನಲ್ಲೇ ಮೆಚ್ಚಿ ಬಟ್ಟೆಯನ್ನು ಪಕ್ಕಕ್ಕಿಟ್ಟೆ. ಡಿಕ್ಕಿ ತೆರೆಸಿದೆ. ಡಬ್ಬಿ ಸಿಕ್ಕಿತು. ಪೆಟ್ರೋಲಿಗೆ ಸೀಮೆಎಣ್ಣೆ ಬೆರೆಸಿ, ಉಳಿದ ಪೆಟ್ರೋಲು ಮಾರಿಕೊಳ್ಳುವುದು ಆ ಕಾಲದಲ್ಲಿ ಹೊಸ ವಿಷಯವೇನೂ ಅಲ್ಲ. ಟ್ಯಾಂಕಿನಿಂದ ಒಂದು ಬಾಟಲಿ ಹಿಡಿದು ಬಣ್ಣ ನೋಡಿದ್ದರೆ ಸಾಕಿತ್ತು, ರೇಷನ್ ಸೀಮೆಎಣ್ಣೆಯ ನೀಲಿ ಬಣ್ಣ ಮುಚ್ಚಿಡಲು ಆಗುವುದಿಲ್ಲ. ನಾನು ನೋಡಲಿಲ್ಲ. ವಾಸನೆ ಎಲ್ಲಿಂದ ಬಂತೆಂದು ನಿಮಗೆ ಈಗಾಗಲೇ ಹೊಳೆದಿರಬೇಕು. ನನಗೆ ಹೊಳೆಯಲು ಎರಡು ತಿಂಗಳು ಬೇಕಾದವು, ಏಕೆಂದರೆ ಎಣ್ಣೆಬಟ್ಟೆ ನನ್ನದು. ನನ್ನದರ ಮೇಲೆ ಅನುಮಾನ ಪಡುವ ಅಭ್ಯಾಸ ನನಗಿರಲಿಲ್ಲ.

"ಗೌಡ್ರೇ, ನಿಮ್ಮ ಪೆಟ್ರೋಲ್‌ನಾಗ ಸೀಮೆಎಣ್ಣಿ ಕೂಡೈತಿ," ಎಂದೆ. "ಯಾರು ಕೂಡ್ಸಿದ್ರು ಅಂತ ಹೇಳೋದು ಮೆಕ್ಯಾನಿಕ್ಕನ ಕೆಲ್ಸ ಅಲ್ಲ." ಹೀಗೆಂದು ಹುಲುಗಪ್ಪನ ಕಡೆ ನೋಡಿದೆ. ಹೇಳದೆ ಹೇಳುವುದರಲ್ಲಿ ಪಳಗಿದವನು ನಾನು.

ಗೌಡರು ಅವನ ಕಡೆ ತಿರುಗಿದರು. "ಎಷ್ಟು ದಿವ್ಸದಿಂದ ನಡಸೀಯಲೇ ಇದನ್ನ?"

"ನಾನು ಕದ್ದಿಲ್ರಿ ಗೌಡ್ರೇ."

"ಮತ್ತ ಆ ಡಬ್ಬಿ? ನಿಮ್ಮವ್ವ ಇಟ್ಟು ಹೋಗ್ಯಾಳೇನು?"

ಹುಲುಗಪ್ಪ ನನ್ನ ಮುಖ ನೋಡಿದ. ಪಕ್ಕಕ್ಕಿಟ್ಟ ಬಟ್ಟೆಯನ್ನು ನೋಡಿದ. ಮತ್ತೆ ನನ್ನ ಮುಖ ನೋಡಿದ. ನಾನು ಗಂಭೀರವಾಗಿ ಕೈ ಒರೆಸಿಕೊಳ್ಳುತ್ತಿದ್ದೆ. ಅವನು ಕೀಲಿಕೈಯನ್ನು ಬಾನೆಟ್ ಮೇಲಿಟ್ಟು ನಡೆದುಹೋದ. ಸಂಜೆಯೊಳಗೆ ಅವನಿಗೆ 'ಸೀಮೆಎಣ್ಣಿ ಹುಲುಗ' ಎಂಬ ಹೆಸರು ಬಿತ್ತು. ಎರಡು ದಿನದಲ್ಲಿ ಆ ಹೆಸರು ಕುರುಗೋಡು ಮುಟ್ಟಿತು. ಬಳ್ಳಾರಿಯಲ್ಲಿ ಕಾರಿಟ್ಟವರು ಯಾರೂ ಅವನನ್ನು ಹತ್ತಿರ ಸೇರಿಸಲಿಲ್ಲ.

ಗಾಡಿ ಮಾತ್ರ ಸರಿಹೋಗಲಿಲ್ಲ. ಟ್ಯಾಂಕು ಖಾಲಿ ಮಾಡಿ ತೊಳೆದೆ. ಪ್ಲಗ್ಗು ಬದಲಿಸಿದೆ. ಥ್ರಾಟಲ್ ತಟ್ಟೆಯ ಮಸಿ ತೆಗೆದೆ, ಐಡ್ಲಿಂಗ್ ವಾಲ್ವಿನ ಕಾರ್ಬನ್ ತೆಗೆದೆ. ಎಲ್ಲ ಮುಗಿದ ಮೇಲೆ, ಪ್ರತಿ ಸಲವೂ, ಹೊಸ ಎಣ್ಣೆಬಟ್ಟೆಯನ್ನು ನಾನೇ ಕೈಯಾರೆ ಕಟ್ಟಿ ಕಳಿಸುತ್ತಿದ್ದೆ. ಪುಕ್ಕಟೆ. ಗೌಡರು ಎರಡು ತಿಂಗಳಲ್ಲಿ ಇನ್ನಿಬ್ಬರು ಡ್ರೈವರುಗಳನ್ನು ಓಡಿಸಿದರು. ಒಬ್ಬ ಕ್ಲಚ್ ಸರಿಯಾಗಿ ಒತ್ತುವುದಿಲ್ಲ, ಇನ್ನೊಬ್ಬ ಬಹಳ ಒತ್ತುತ್ತಾನೆ ಎಂದು ಕಾರಣ. ನಾನು ಪೆಟ್ರೋಲ್ ಬಂಕ್ ಬದಲಿಸಿ ಎಂದು ಸಲಹೆ ಕೊಟ್ಟೆ. ಗೌಡರು ಹತ್ತಿರದ ಮೋಕ ಊರಿಗೆ ಹೋಗಿ ಹಾಕಿಸಿಕೊಂಡು ಬಂದರು. ಕಾರು ಮೋಕದಲ್ಲಿಯೂ ಬಂದ್ ಬಿತ್ತು.

ಆ ಹೊತ್ತಿಗೆ ಸಿರುಗುಪ್ಪದಿಂದ ಡಾಕ್ಟರಮ್ಮ ಬಂದರು. ಮಕ್ಕಳ ಡಾಕ್ಟರು, ಗಾಡಿ ತಾವೇ ಓಡಿಸುತ್ತಿದ್ದರು. ಎಂಜಿನ್ನು ಗೌಡರ ಗಾಡಿಯಂತೆಯೇ ಏರುತ್ತ ಇಳಿಯುತ್ತ ಒಳಗೆ ಬಂತು. ನಾನು ಗಂಟಲು ಸರಿಪಡಿಸಿಕೊಂಡು ವಿಚಾರಣೆ ಶುರುಮಾಡಿದೆ.

"ಪೆಟ್ರೋಲ್ ಎಲ್ಲಿ ಹಾಕಸ್ತೀರಿ ಅಮ್ಮಾ?"

"ಎಲ್ಲಿ ಹಾಕ್ಸಿದ್ರೂ ಇಳಿದು ನಿಂತು ಹಾಕಸ್ತೀನಿ."

"ಡ್ರೈವರ್ ಇಟ್ಟೀರೇನು?"

"ಇಲ್ಲ."

"ಗಾಡ್ಯಾಗ ಯಾರರ ಸೀಮೆಎಣ್ಣಿ ಇಟ್ಟಿರ್ತಾರೇನು?"

"ಮನ್ಯಾಗ ಗ್ಯಾಸ್ ಐತಿ ಮಾಬುಸಾಬ್ರೆ. ಸೀಮೆಎಣ್ಣಿ ನಾನು ತಂದಿದ್ದು ನಿಮ್ಮ ಬಟ್ಟಿ ತೊಳಿಯಾಕ ಮಾತ್ರ."

ಏರ್ ಫಿಲ್ಟರಿನ ಡಬ್ಬಿಯ ಕ್ಲಿಪ್ ಮೇಲಿದ್ದ ನನ್ನ ಕೈ ಅಲ್ಲೇ ನಿಂತಿತು. ಡಾಕ್ಟರಮ್ಮ ಪರ್ಸಿನಿಂದ ಒಂದು ಚೀಟಿ ತೆಗೆದು ಕೊಟ್ಟರು. ನನ್ನದೇ ಅಕ್ಷರ. ತೊಳೆಯುವುದು, ಒಣಗಿಸುವುದು, ಆಯಿಲು ಸವರುವುದು, ಎಲ್ಲ ಕ್ರಮವಾಗಿತ್ತು. "ಎಷ್ಟು ಆಯಿಲ್ ಅಂತ ನೀವು ಬರ್ದಿಲ್ಲ," ಎಂದರು. "ನಾನೇ ಸಿರಿಂಜಿನಾಗ ಅಳದು ಹಾಕ್ತೀನಿ. ಒಂದು ವಾರಾನೂ ತಪ್ಪಿಸಿಲ್ಲ." ನಾನು ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದೆ. ಅವರೇ ಮುಂದುವರಿಸಿದರು. "ಬಟ್ಟಿ ಕಟ್ಟೋಕಿಂತ ಮುಂಚೆ ಗಾಡಿ ಚೊಲೋ ಇತ್ತು. ನಮ್ಮಲ್ಲಿ ಔಷಧ ತಗಂಡ ಮ್ಯಾಲೆ ರೋಗ ಹೆಚ್ಚಾದ್ರ ಮೊದ್ಲು ಆ ಔಷಧ ನಿಲ್ಲಸ್ತೀವಿ. ನಿಮ್ಮಲ್ಲಿ ಏನು ಮಾಡ್ತೀರಿ?"

ಡ್ರೈವರನ್ನ ನಿಲ್ಲಸ್ತೀವ್ರಿ ಎಂದು ನಾಲಗೆಯ ತುದಿಗೆ ಬಂತು. ನುಂಗಿಕೊಂಡೆ.

ಎಂಜಿನ್ನು ಚಾಲೂ ಇರುವಾಗಲೇ ಗಾಳಿ ಸೆನ್ಸರಿನ ಪ್ಲಗ್ಗನ್ನು ಕಿತ್ತೆ. ಏರಿಳಿತ ನಿಂತುಹೋಯಿತು. ಇದನ್ನು ಹೊಸಬರು ನೆನಪಿಡಬೇಕು. ಸೆನ್ಸರು ತಪ್ಪು ಸುದ್ದಿ ಕೊಡುತ್ತಿದ್ದರೆ, ಅದರ ಬಾಯಿ ಮುಚ್ಚಿಸಿದಾಗ ಕಂಪ್ಯೂಟರು ತನ್ನ ಅಂದಾಜಿನ ಮೇಲೆ ನಡೆಸುತ್ತದೆ, ಗಾಡಿ ಸುಧಾರಿಸುತ್ತದೆ. ಆಮೇಲೆ ಸೆನ್ಸರನ್ನು ಬಿಚ್ಚಿ, ಡಾಕ್ಟರಮ್ಮನ ಟಾರ್ಚಿನ ಬೆಳಕಿನಲ್ಲಿ ಇಬ್ಬರೂ ಇಣುಕಿ ನೋಡಿದೆವು. ಬಟ್ಟೆಯಿಂದ ಗಾಳಿ ಎಳೆದುತಂದ ಆಯಿಲಿನ ಹನಿಗಳು ಬಿಸಿ ತಂತಿಯ ಮೇಲೆ ಕೂತಿದ್ದವು. ಅದರ ಮೇಲೆ ಅದಿರಿನ ಸಣ್ಣ ಹುಡಿ ಅಂಟಿ, ಹೆಂಚಿಗೆ ಹತ್ತಿದ ರೊಟ್ಟಿಯ ಹಿಟ್ಟಿನಂತೆ ಸುಟ್ಟು ಗಟ್ಟಿಯಾಗಿತ್ತು. ಕಂಬಳಿ ಹೊದ್ದ ತಂತಿಗೆ ಗಾಳಿ ತಾಗುವುದಾದರೂ ಹೇಗೆ? ಸ್ಪ್ರೇ ಹೊಡೆದು, ಆರುವವರೆಗೆ ಕೈ ಕಟ್ಟಿ ನಿಂತು, ಮತ್ತೆ ಜೋಡಿಸಿದೆ. ಎಂಜಿನ್ನು ಗುರುಗುಡುತ್ತ ನಿಂತಿತು. ಡಾಕ್ಟರಮ್ಮ ಚೀಟಿಯನ್ನು ನನ್ನ ಅಂಗಿಯ ಜೇಬಿಗೆ ತಾವೇ ಇಟ್ಟು, "ಇದನ್ನ ಬ್ಯಾರೆ ಯಾರಿಗೂ ಬರ್ದು ಕೊಡಬ್ಯಾಡ್ರಿ," ಎಂದು ಹೋದರು.

ನಾನು ಆ ಮಧ್ಯಾಹ್ನ ಊಟ ಮಾಡಲಿಲ್ಲ. ಇದನ್ನು ಪಶ್ಚಾತ್ತಾಪ ಎಂದು ಬರೆಯಲು ಆಸೆಯಿದೆ. ಸತ್ಯ ಹೇಳಬೇಕೆಂದರೆ, ಯಾರಿಗೂ ಹೇಳದೆ ಗೌಡರ ಗಾಡಿಯ ತಂತಿಯನ್ನು ತೊಳೆದು ಕಳಿಸಿಬಿಡುವುದು ಹೇಗೆ ಎಂದು ಯೋಚಿಸುತ್ತ ಕೂತಿದ್ದೆ. ಹುಲುಗಪ್ಪನ ಮುಖ ಅಡ್ಡ ಬರುತ್ತಿತ್ತು. ಆ ದಿನ ಅವನು ಬಟ್ಟೆಯನ್ನು ನೋಡಿ ನನ್ನ ಕಡೆ ನೋಡಿದ್ದು ಏಕೆಂದು ಈಗ ತಿಳಿದಿತ್ತು. ಮರುದಿನ ರಜೆ ಹಾಕಿ ಕುರುಗೋಡಿನ ಬಸ್ಸು ಹತ್ತಿದೆ.

ಅವನು ಈಗ ಅದಿರಿನ ಲಾರಿಗಳ ರಸ್ತೆಗೆ ನೀರು ಚಿಮುಕಿಸುವ ಟ್ಯಾಂಕರು ಓಡಿಸುತ್ತಿದ್ದ. ಬೆಳಿಗ್ಗೆಯಿಂದ ಸಂಜೆವರೆಗೆ ಧೂಳು ಅಡಗಿಸುವ ಕೆಲಸ. ಅವನು ಒಂದು ಬದಿ ಅಡಗಿಸುವಷ್ಟರಲ್ಲಿ ಇನ್ನೊಂದು ಬದಿ ಏಳುತ್ತಿತ್ತು. ನನ್ನನ್ನು ಕಂಡು ಟ್ಯಾಂಕರು ನಿಲ್ಲಿಸಿದ, ಕೆಳಗಿಳಿಯಲಿಲ್ಲ. ನಾನು ರಸ್ತೆಯಲ್ಲಿ ನಿಂತು ತಲೆಯೆತ್ತಿ ಎಲ್ಲವನ್ನೂ ಹೇಳಿದೆ.

"ಗೊತ್ತೈತ್ರಿ ಉಸ್ತಾದ್ರೆ," ಎಂದ.

"ಏನು ಗೊತ್ತೈತಿ?"

"ವಾಸನಿ ಬಟ್ಟೀದು ಅಂತ. ಕಟ್ಟಿದಾವ ನಾನು, ನನಗ ಗೊತ್ತಿರಂಗಿಲ್ಲೇನು?"

"ಮತ್ತ ಅವತ್ತ ಯಾಕ ಬಾಯಿ ಬಿಡ್ಲಿಲ್ಲಲೇ?"

"ಏನಂತ ಬಿಡ್ಲಿ? ನಿಮ್ಮ ಮಾಲಕ್ರು ಅಲ್ಲೇ ನಿಂತಿದ್ರು. ಅಷ್ಟು ಮಂದಿ ಡ್ರೈವರ್ ನಿಂತಿದ್ರು. ಸೀಮೆಎಣ್ಣ್ಯಾಗ ತೊಳಿ ಅಂದಾವ್ರು ಇವ್ರೇ ಅಂತ ಬೊಟ್ಟು ಮಾಡಿದ್ರ ನಿಮ್ಮ ಮರ್ಯಾದಿ ಏನಾಗ್ತಿತ್ತು? ಕಲಿಸಿದಾವ್ರನ್ನ ಮಂದ್ಯಾಗ ನಿಲ್ಲಿಸಿ ಹಂಗ ಅನ್ನಾಕ ಬರಂಗಿಲ್ರಿ." ಟ್ಯಾಂಕರಿನ ಕಿಟಕಿಗೆ ಮೊಣಕೈ ಊರಿದ. "ಮತ್ತ, ಎಷ್ಟಾದ್ರೂ ಉಸ್ತಾದ್ ಅಲ್ಲ? ಎರಡು ದಿನದಾಗ ತಾವೇ ತಿಳ್ಕಂತಾರ ಅನ್ಕಂಡೆ."

"ಎರಡು ತಿಂಗ್ಳಾತಲ್ಲೋ."

"ಹೌದ್ರಿ. ನಿಮ್ಮ ಅಂದಾಜು ಹಾಕಾದ್ರಾಗ ನಾನು ತಪ್ಪಿದೆ."

ಮೂವತ್ತು ವರ್ಷದ ನೌಕರಿಯಲ್ಲಿ ಮೇಲಿನವರು, ಕೆಳಗಿನವರು, ಗಿರಾಕಿಗಳು ನನ್ನನ್ನು ಬಹಳ ಬೈದಿದ್ದಾರೆ. ಇಷ್ಟು ಮರ್ಯಾದೆಯಿಂದ ಯಾರೂ ಬೈದಿರಲಿಲ್ಲ.

"ಗೌಡ್ರಿಗೆ ನಾನು ಹೇಳ್ತೀನಿ. ನಿನ್ನ ಕೆಲ್ಸಕ್ಕ ತಿರುಗಿ ಕರ್ಕಳ್ಳಾಕ ಹಚ್ತೀನಿ," ಎಂದೆ.

"ಎಲ್ಲಿ ಹೇಳ್ತೀರಿ?"

"ಅವ್ರ ಮನಿಗೆ ಹೋಗಿ."

ಅವನು ತಲೆಯಾಡಿಸಿದ. "ಅಂದಿದ್ದು ಗ್ಯಾರೇಜ್ ಮುಂದ, ಚಾ ಕುಡಿಯೋರ ಎದುರಿಗೆ. ಹಿಂದಕ್ಕ ತಗಳ್ಳೋದೂ ಅಲ್ಲೇ ಆಗ್ಬೇಕು. ನನ್ನ ಮಗಳು ಸಾಲಿಗೆ ಹೋಗೋದು ಬಿಟ್ಟಾಳ ಉಸ್ತಾದ್ರೆ. ಹುಡುಗ್ರು ಮೂಗು ಮುಚ್ಕಂತಾರಂತ ಆಕಿ ಬಂದ್ರ."

ಗಾದಿಲಿಂಗಪ್ಪನವರಿಗೆ ವಿಷಯ ತಿಳಿಸಿದೆ. ಅವರು ಮೊದಲು ಬೋರ್ಡಿನ ಕಡೆ ನೋಡಿದರು, ಆಮೇಲೆ ನನ್ನ ಕಡೆ.

"ತಪ್ಪು ಒಪ್ಕಳ್ಳಾಕ ನನ್ನ ಗ್ಯಾರೇಜ್ ಬಿಟ್ಟು ಬ್ಯಾರೆ ಜಾಗ ಸಿಗ್ಲಿಲ್ಲೇನು ಸಾಬ್ರೆ? ಮಸೀದಿ ಐತಿ, ದರ್ಗಾ ಐತಿ. ಇಷ್ಟು ಗಾಡಿಗೆ ಕಟ್ಟಿದ ಬಟ್ಟಿ ತಪ್ಪು ಅಂದ್ರ ನಾಳೆ ಯಾರು ಬರ್ತಾರ ಇಲ್ಲಿಗೆ? ಇನ್ನೊಂದು ವರ್ಷಕ್ಕ ರಿಟೈರ್ ಆಗ್ತೀರಿ. ಸುಮ್ಮನಿದ್ರ ಶಾಲು ಹೊದಿಸಿ ಕಳಸ್ತೀನಿ. ಬಾಯಿ ಬಿಟ್ರ ಇವತ್ತೇ ಕಳಸ್ತೀನಿ."

"ಈ ಊರ ಬಿಸಿಲಾಗ ಶಾಲು ಹೊದ್ಕಂಡು ಏನು ಮಾಡ್ಲಿ ಮಾಲಕ್ರೆ," ಎಂದೆ. ಕೇಳುವುದಕ್ಕೆ ಧೈರ್ಯದ ಮಾತು. ಹೇಳಿದ ಕೂಡಲೇ, ಅವರು ಉತ್ತರ ಕೊಡುವ ಮೊದಲೇ, ಒಂದು ಗಾಡಿಯ ಕೆಳಗೆ ತೂರಿಕೊಂಡೆ.

ಗೌಡರನ್ನು ಕರೆಸಿದೆ. ಹುಲುಗಪ್ಪನೂ ಬಂದು ಒಂದು ಮೂಲೆಯಲ್ಲಿ ನಿಂತ. ಚಹಾದ ಹೊತ್ತು ನೋಡಿಯೇ ಶುರುಮಾಡಿದೆ. ಎಂಜಿನ್ನು ಚಾಲೂ ಮಾಡಿಸಿದೆ, ಅದು ಬಿಕ್ಕಳಿಸತೊಡಗಿತು. ಸೆನ್ಸರಿನ ಪ್ಲಗ್ಗು ಕಿತ್ತೆ, ಬಿಕ್ಕಳಿಕೆ ನಿಂತಿತು.

"ಇದೇನ್ ಮಾರಾಯ," ಎಂದರು ಗೌಡರು. "ಕಿತ್ರ ಚೊಲೋ ನಡೀತೈತಿ ಅಂದ್ರ ಅದನ್ನ ಹಾಕ್ಯಾರ ಯಾಕ?"

"ಅದು ಸುಳ್ಳು ಹೇಳಾಕ ಹತ್ತೈತ್ರಿ. ಬಾಯಿ ಮುಚ್ಚಿಸ್ದೆ."

"ಸುಳ್ಳು ಯಾರು ಕಲಿಸಿದ್ರು ಅದಕ್ಕ?"

"ನಾನು," ಎಂದೆ. ಡಬ್ಬಿ ತೆರೆದು ಎಣ್ಣೆಬಟ್ಟೆ ಬಿಚ್ಚಿ ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದೆ. "ಈ ಬಟ್ಟಿ ಕಟ್ಟು ಅಂತ ಹೇಳಿದಾವ ನಾನು. ಸೀಮೆಎಣ್ಣ್ಯಾಗ ತೊಳಿ ಅಂದಾವ ನಾನು. ವಾಸನಿ ಬಂದಿದ್ದು ಇದರದ್ದು. ಪೆಟ್ರೋಲ್‌ನಾಗ ಏನೂ ಇರ್ಲಿಲ್ಲ. ನೋಡ್ಲಾರ್ದ ಹೇಳ್ದೆ. ಹುಲುಗಪ್ಪ ಒಂದು ಹನಿ ಕದ್ದಿಲ್ಲ. ಅವತ್ತ ಇಲ್ಲಿದ್ದಾವ್ರೆಲ್ಲ ಕೇಳ್ಸ್ಕಂಡಿದ್ರಿ, ಇದನ್ನೂ ಕೇಳಿಸ್ಕಳ್ರಿ. ನಿಮ್ಮ ಗಾಡಿಗೆ ನಾನು ಕಟ್ಟಿದ ಬಟ್ಟಿ ಇದ್ರ ಇವತ್ತೇ ಬಿಚ್ರಿ."

ಒಬ್ಬ ಡ್ರೈವರು ಲೋಟ ಕೆಳಗಿಟ್ಟು ತನ್ನ ಗಾಡಿಯ ಬಾನೆಟ್ ಎತ್ತಲು ಹೋದ. ಹಿಂದೆಯೇ ಇನ್ನೊಬ್ಬ. ಗಾದಿಲಿಂಗಪ್ಪನವರು ಯಾರಿಗೂ ಬೆನ್ನು ತೋರಿಸದ ಹಾಗೆ ಹಿಂದಕ್ಕೆ ನಡೆಯುತ್ತ ಹೋಗಿ ಬೋರ್ಡನ್ನು ಗೋಡೆಯ ಕಡೆ ತಿರುಗಿಸಿ ಇಟ್ಟರು. ನನ್ನನ್ನು ಕೆಲಸದಿಂದ ತೆಗೆಯುವುದನ್ನು ಆ ಗದ್ದಲದಲ್ಲಿ ಮರೆತರು, ನಾನು ನೆನಪಿಸಲಿಲ್ಲ.

ನಾನು ತಂತಿಗೆ ಸ್ಪ್ರೇ ಹೊಡೆದೆ. ಆರುವವರೆಗೆ ಎಲ್ಲರೂ ನಿಂತೇ ಇದ್ದರು. ಪ್ಲಗ್ಗು ಹಾಕಿ ಚಾಲೂ ಮಾಡಿದಾಗ ಎಂಜಿನ್ನಿನ ಸದ್ದು ಕಿವಿಗೊಟ್ಟರೆ ಮಾತ್ರ ಕೇಳುವಂತಿತ್ತು. ಗೌಡರು ಎಂಜಿನ್ನು ಬಂದ್ ಮಾಡಿಸಿ, ಕೀಲಿಕೈ ತೆಗೆಸಿ ಹುಲುಗಪ್ಪನ ಕಡೆ ಚಾಚಿದರು.

"ನಾಳಿಂದ ಬಾರಲೇ."

ಹುಲುಗಪ್ಪ ಕೀಲಿಕೈ ತೆಗೆದುಕೊಂಡ. "ನಾಳಿಂದು ಆಮ್ಯಾಲೆ ನೋಡೂಣ್ರಿ. ಈಗ ಕುರುಗೋಡಿಗೆ ಹೋಗಿ ಬರೂಣು. ನೀವು ಮುಂದ ಕುಂದರ್ರಿ ಗೌಡ್ರೇ, ನನ್ನ ಪಕ್ಕಕ್ಕ. ಉಸ್ತಾದ್ರೆ, ನೀವು ಹಿಂದ."

ಗೌಡರಿಗೆ ಯಾರೂ ಹಾಗೆ ಹೇಳಿದ್ದನ್ನು ನಾನು ಕೇಳಿರಲಿಲ್ಲ. ಅವರು ಪಂಚೆ ಎತ್ತಿಕೊಂಡು ಮುಂದೆ ಕೂತರು. ಊರು ದಾಟುವ ಮುಂಚೆ ಎಸಿ ಹಾಕು ಎಂದರು.

"ಬ್ಯಾಡ್ರಿ. ಗಾಜು ಇಳಿಸೀನಿ. ಒಳಗ ಯಾರು ಕುಂತಾರ ಅಂತ ಮಂದಿಗೆ ಕಾಣ್ಬೇಕಲ್ಲ."

ಅದಿರಿನ ಲಾರಿಗಳ ಸಾಲಿನ ಹಿಂದೆ, ಗಾಜು ಇಳಿಸಿಕೊಂಡು ಕುರುಗೋಡಿನವರೆಗೆ ಹೋದೆವು. ಗೌಡರ ಬಿಳಿ ಅಂಗಿ, ಬಿಳಿ ಮೀಸೆ, ನನ್ನ ಟೋಪಿ ಎಲ್ಲ ಒಂದೇ ಬಣ್ಣಕ್ಕೆ ಬಂದವು. ಮಾತಾಡಲು ಬಾಯಿ ತೆರೆದರೆ ಒಳಗೆ ಮಣ್ಣು. ಹುಲುಗಪ್ಪ ತನ್ನ ಓಣಿಗೆ ತಿರುಗಿಸಿ, ಮನೆಯ ಎದುರಿಗೆ, ಓಣಿಯ ನಟ್ಟನಡುವೆ ಕಾರು ನಿಲ್ಲಿಸಿದ. ಎಂಜಿನ್ನು ಬಂದ್ ಮಾಡಲಿಲ್ಲ.

"ಕುಂತಿರ್ರಿ," ಎಂದು ಇಳಿದುಹೋದ.

ಎದುರು ಮನೆಯ ಕಟ್ಟೆಯ ಮೇಲೆ ನಾಲ್ಕು ಜನ ಕೂತಿದ್ದರು. ಅವರೊಂದಿಗೆ ಕೂತು ಮೆಣಸಿನಕಾಯಿ ಬೆಳೆಯ ಮಾತು ತೆಗೆದ. ಯಾರ ಹೊಲದಲ್ಲಿ ಹೂವು ಉದುರಿತು, ಕಾಲುವೆಗೆ ನೀರು ಯಾವಾಗ ಬರುತ್ತದೆ, ಇವೇ. ಕಾರಿನ ಸುದ್ದಿ ಒಂದು ಸಲವೂ ಎತ್ತಲಿಲ್ಲ. ಓಣಿಯ ಬಾಗಿಲುಗಳು ಒಂದೊಂದಾಗಿ ತೆರೆದವು. ಹೆಂಗಸರು ಬಂದು ನಿಂತರು, ಹುಡುಗರು ಗಾಡಿಯ ಸುತ್ತ ನೆರೆದರು. ಒಬ್ಬ ಹುಡುಗ ಮೂಗಿಗೆ ಬೆರಳು ಒಯ್ದವನು ಗೌಡರ ಮುಖ ನೋಡಿ ಕೈ ಇಳಿಸಿದ. ಹುಲುಗಪ್ಪನ ಮಗಳು ಹೊಸ್ತಿಲಿಗೆ ಬಂದಳು. ಕಾರನ್ನು, ಅದರೊಳಗೆ ಮಣ್ಣು ಮೆತ್ತಿಕೊಂಡು ಕೂತ ನಮ್ಮಿಬ್ಬರನ್ನು, ಎಲ್ಲರ ಮುಂದೆ ಬಹಳ ಹೊತ್ತು ನೋಡಿದಳು. ಗೌಡರು ನೇರ ಮುಂದಕ್ಕೆ ನೋಡುತ್ತಿದ್ದರು. ನಾನು ಎಲ್ಲಿ ನೋಡಬೇಕೆಂದು ತಿಳಿಯದೆ ಎಂಜಿನ್ನಿನ ಸುತ್ತು ತೋರಿಸುವ ಮೀಟರಿನ ಮುಳ್ಳನ್ನು ನೋಡುತ್ತಿದ್ದೆ. ಅರ್ಧ ಗಂಟೆಯಾಗಿರಬೇಕು. ಮುಳ್ಳು ನಿಂತ ಜಾಗದಿಂದ ಕದಲಲಿಲ್ಲ.

ಆಮೇಲೆ ಹುಲುಗಪ್ಪ ಎದ್ದ. ಪಂಚೆ ಕೊಡವಿಕೊಂಡು ಬಂದು, ಕಿಟಕಿಯೊಳಗೆ ಕೈ ಹಾಕಿ ಎಂಜಿನ್ನು ಬಂದ್ ಮಾಡಿದ.

"ಈಗ ಇಳೀರಿ," ಎಂದ. "ಒಳಗ ಬರ್ರಿ, ಊಟ ಮಾಡೂಣು."